ಗಿರಾಕಿಯ ವಿಳಾಸವೂ ಒಂದು ಠೇವಣಿ

ನಮ್ಮ ಅಜ್ಜನ ಕಾಲದ ವಹಿಗಳು ಅಂಗಡಿಯ ಅಟ್ಟದ ಮೇಲೆ ಇನ್ನೂ ಇವೆ. ಕೆಂಪು ಅರಿವೆಯ ರಟ್ಟು, ಬಿಳಿ ದಾರದ ಹೊಲಿಗೆ. ಒಂದೊಂದು ಮನೆತನಕ್ಕೆ ಒಂದೊಂದು ಪುಟ; ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಪುಟದ ಕೆಳಗಿನ ಮೂಲೆಯಲ್ಲಿ ಅಜ್ಜ ಸಣ್ಣಕ್ಷರದಲ್ಲಿ ಲೆಕ್ಕಕ್ಕೆ ಸಂಬಂಧವಿಲ್ಲದ ಮಾತುಗಳನ್ನು ಬರೆದಿಡುತ್ತಿದ್ದರು. 'ಹಿರೀ ಮಗಳ ಲಗ್ನ ಮಾಘದಾಗ.' 'ಅತ್ತಿಗೆ ಕರೀ ಅಂಚು ಆಗೂದಿಲ್ಲ.' 'ಭಾದ್ರಪದಕ್ಕ ಪೂಜಾ ಧೋತರ ಎರಡು ಜೋಡಿ.' 'ಇವರ ಮನ್ಯಾಗ ರೇಷ್ಮಿ ನೇಮ.' ಈ ಮೂಲೆಯ ಮಾತುಗಳನ್ನು ನೋಡಿಕೊಂಡೇ ಅವರು ಹಬ್ಬಕ್ಕೆ ಒಂದು ತಿಂಗಳು ಮುಂಚೆ ಕಾರ್ಡು ಬರೆಯಲು ಕೂಡುತ್ತಿದ್ದರು. ಆಗ ಕಾರ್ಡಿಗೆ 15 ಪೈಸೆ. ಅದೇ ಹಣವನ್ನೂ ಅವರು ಯೋಚಿಸಿ ಖರ್ಚು ಮಾಡುತ್ತಿದ್ದರು. ಯಾವ ಮನೆಗೆ ಏನು ಬೇಕೋ ಅಷ್ಟೇ ಬರೆಯುವುದು. ಬೇಡದ ಮನೆಗೆ ಕಾರ್ಡೇ ಇಲ್ಲ.

ಅಕ್ಕಲಕೋಟದಂಥ ಊರಿನ ಬಟ್ಟೆ ವ್ಯಾಪಾರ ಹೇಗಿರುತ್ತದೆಂಬುದು ಗಡಿನಾಡಿನ ಬಂಧುಗಳಿಗೆ ಗೊತ್ತೇ ಇದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರು ಹೋಗುವಾಗ ಒಂದು ಸೊಲ್ಲಾಪುರಿ ಚಾದರ ಕೊಳ್ಳುತ್ತಾರೆ. ಸುತ್ತಲಿನ ಹಳ್ಳಿಗಳವರು ಲಗ್ನದ ಬಸ್ತಾ ಕಟ್ಟಿಸುತ್ತಾರೆ. ನಮ್ಮ ಸಮಾಜದವರು ಪೂಜೆಯ ಧೋತರ, ದುಪಟ್ಟಾ, ಬಿಳಿ ಸೀರೆಗಳಿಗಾಗಿ ಬರುತ್ತಾರೆ. ಒಬ್ಬರು ಕನ್ನಡದಲ್ಲಿ ಕೇಳುತ್ತಾರೆ, ಇನ್ನೊಬ್ಬರು ಮರಾಠಿಯಲ್ಲಿ; ಸೊಲ್ಲಾಪುರದ ನೇಕಾರ ಮನೆತನದವರು ಬಂದರೆ ತೆಲುಗು ಮಾತೂ ನಾಲ್ಕು ಬೀಳುತ್ತವೆ. ಇಂಥ ವ್ಯಾಪಾರದಲ್ಲಿ ಸರಕಿಗಿಂತ ಗುರುತು ದೊಡ್ಡದು.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತಲ್ಲವೆ? ಅದಕ್ಕೆ ಹೊರಟ ಎಷ್ಟೋ ಮನೆಗಳು ಪುಣೆ, ಮುಂಬಯಿ, ಬೆಂಗಳೂರುಗಳಿಂದ ಫೋನು ಮಾಡಿ ನಮ್ಮಲ್ಲಿ ಪೂಜಾವಸ್ತ್ರ ತರಿಸಿಕೊಂಡವು. ಊರು ಬಿಟ್ಟು ಮೂವತ್ತು ವರ್ಷವಾದರೂ ನಮ್ಮ ಅಂಗಡಿಯ ಹೆಸರು ಮರೆಯದ ಮನೆಗಳವು. ಪಾರ್ಸಲಿಗಾಗಿ ಅವರ ವಿಳಾಸ, ಇ-ಮೇಲ್ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆವು. ಹಬ್ಬ ಮುಗಿದ ಮೇಲೆ ಆ ಪುಸ್ತಕ ಗಲ್ಲಾದ ಕೆಳಗೆ ಬಿದ್ದುಕೊಂಡಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಬಾಗಿಲು ಹಾಕಿದಾಗ ಆ ಪುಸ್ತಕವನ್ನು ಹೊರಗೆ ತೆಗೆದವಳು ನಮ್ಮ ಮನೆಯ ಕಿರಿಯ ಸೊಸೆ. ಮದುವೆಗೆ ಮೊದಲು ಸೊಲ್ಲಾಪುರದಲ್ಲಿ ಕಂಪ್ಯೂಟರ್ ಕಲಿತವಳು. "ಅಜ್ಜಾರು ಕಾರ್ಡ ಹಾಕತಿದ್ರಲ್ಲ, ಹಂಗ ಇ-ಮೇಲ್ ಹಾಕೋಣ" ಎಂದಳು. ನಮಗೆ ನಗು ಬಂತು. ಎಲ್ಲರೂ ವಾಟ್ಸಾಪಿನಲ್ಲಿರುವಾಗ ಇ-ಮೇಲ್ ಯಾರು ಓದುತ್ತಾರೆ? ಅದಕ್ಕೆ ಅವಳು ಕೊಟ್ಟ ಉತ್ತರ ಸರಿಯಾಗಿತ್ತು. ವಾಟ್ಸಾಪ್ ಸಂದೇಶ ಮನೆಮಂದಿಯ ಮಾತಿನ ನಡುವೆ ಬಂದು ನಿಲ್ಲುತ್ತದೆ, ಬೆಳಿಗ್ಗೆ ಬಂದದ್ದು ಸಂಜೆಗೆ ಕೆಳಗೆ ಹೋಗಿರುತ್ತದೆ. ಇ-ಮೇಲ್ ಪೆಟ್ಟಿಗೆಯಲ್ಲಿ ಉಳಿಯುತ್ತದೆ; ಅಮೆರಿಕದಲ್ಲಿರುವವರು ತಮಗೆ ಬಿಡುವಾದಾಗ ತೆರೆಯುತ್ತಾರೆ, ಎರಡು ತಿಂಗಳ ಮೇಲೆ ಬೇಕಾದರೂ ಹುಡುಕಿ ತೆಗೆಯುತ್ತಾರೆ.

ಆದರೆ ಪುಸ್ತಕದಲ್ಲಿದ್ದವರಿಗೆಲ್ಲ ಒಮ್ಮೆಲೇ ಬರೆಯಲು ಅವಳು ಒಪ್ಪಲಿಲ್ಲ. "ಅವರು ಪಾರ್ಸಲ್ ಕಳಸಾಕ ವಿಳಾಸ ಕೊಟ್ಟಾರ, ಜಾಹೀರಾತು ಕಳಸಾಕ ಕೊಟ್ಟಿಲ್ಲ" ಎಂದಳು. ಬಾಗಿಲು ಹಾಕಿದ ಅಂಗಡಿಯಲ್ಲಿ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಒಬ್ಬೊಬ್ಬರಿಗೆ ಫೋನು ಮಾಡಿ, ಕ್ಷೇಮಸಮಾಚಾರ ಕೇಳಿ, ಪತ್ರ ಹಾಕಬಹುದೇ ಎಂದು ವಿಚಾರಿಸಿದೆವು. 512 ಹೆಸರುಗಳಲ್ಲಿ 340 ಮನೆಯವರು ಹೂಂ ಎಂದರು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಏನು ಬೇಕು, ಯಾವ ಭಾಷೆಯಲ್ಲಿ ಬೇಕು ಎಂಬುದನ್ನೂ ಬರೆದುಕೊಂಡೆವು. ಅಜ್ಜನ ವಹಿಯ ಮೂಲೆ ಕಂಪ್ಯೂಟರಿಗೆ ಬಂದಂತಾಯಿತು.

ಆ ವರ್ಷ ದಶಲಕ್ಷಣಕ್ಕೆ ಮುಂಚೆ ಮೊದಲ ಪತ್ರ ಹೋಯಿತು. 'ಪೂಜಾ ಧೋತರ ಬಂದಿವೆ' ಎಂಬ ತಲೆಬರಹ, ಒಂದು ಫೋಟೋ, ಅಳತೆ, ದರ, ಫೋನ್ ನಂಬರು. ಬೇರೇನೂ ಇಲ್ಲ. 29 ಮನೆಗಳಿಂದ ಆರ್ಡರು ಬಂತು. ಲಾಭಕ್ಕಿಂತ ಹೆಚ್ಚಾಗಿ, ಬಾಗಿಲು ಹಾಕಿದ್ದರೂ ಅಂಗಡಿ ಬದುಕಿದೆ ಎಂಬ ಧೈರ್ಯ ಬಂತು. ನಾಲ್ಕು ವರ್ಷ ಹೀಗೇ ನಡೆಯಿತು. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಪತ್ರವಿಲ್ಲ. ರೇಷ್ಮೆಯ ನೇಮವಿದ್ದ ಮನೆಗೆ ರೇಷ್ಮೆ ಸೀರೆಯ ಪತ್ರವಿಲ್ಲ. ಚಾದರ ಮಾತ್ರ ಕೇಳಿದವರಿಗೆ ಚಳಿಗಾಲಕ್ಕೆ ಮೊದಲು ಒಂದೇ ಪತ್ರ.

ಆಮೇಲೆ ನಾವು ಕೆಟ್ಟೆವು. ಅದನ್ನು ಮುಚ್ಚಿಡದೆ ಹೇಳಬೇಕೆಂದೇ ಈ ಲೇಖನ ಬರೆಯುತ್ತಿದ್ದೇವೆ.

2024ರ ಜುಲೈನಲ್ಲಿ ಒಬ್ಬ ಮಧ್ಯವರ್ತಿ ಅಂಗಡಿಗೆ ಬಂದ. ಜೈನ ಮನೆತನಗಳದ್ದೇ 18,000 ಇ-ಮೇಲ್ ವಿಳಾಸಗಳಿವೆ, ಹೆಸರು, ಊರು, ವಯಸ್ಸು, ಮನೆಯಲ್ಲಿ ಲಗ್ನಕ್ಕೆ ಬಂದ ಮಕ್ಕಳಿದ್ದಾರೆಯೇ ಎಂಬುದು ಕೂಡ ಇದೆ, 6,000 ರೂಪಾಯಿ ಕೊಟ್ಟರೆ ಸಾಕು ಎಂದ. ಲೆಕ್ಕ ಹಾಕಿದೆವು. 340ಕ್ಕೆ 29 ಆರ್ಡರು ಬಂದರೆ 18,000ಕ್ಕೆ ಎಷ್ಟು? ಸೊಸೆ ತವರಿಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯುವ ಸಹನೆ ನಮಗಿರಲಿಲ್ಲ. ಲಗ್ನದ ಸೀರೆಗಳ ಒಂದು ಪತ್ರ ತಯಾರಿಸಿ, ಕಂಪ್ಯೂಟರ್ ಬಲ್ಲ ಹುಡುಗನೊಬ್ಬನ ಕೈಯಿಂದ ಒಂದೇ ದಿನ ಎಲ್ಲರಿಗೂ ಕಳಿಸಿಬಿಟ್ಟೆವು. ಪ್ರತಿ ಪತ್ರದಲ್ಲೂ ಆಯಾ ಮನೆಯ ಮಗಳ ಹೆಸರು ತಾನಾಗಿಯೇ ಬಂದು ಕೂಡುವಂತೆ ಆ ಹುಡುಗ ಮಾಡಿದ್ದ. ನಮಗೆ ಅದು ದೊಡ್ಡ ಚಮತ್ಕಾರವಾಗಿ ಕಂಡಿತು.

ಮೂರನೆಯ ದಿನ ತಾಲೂಕಿನ ಒಂದು ಹಳ್ಳಿಯಿಂದ ನಮ್ಮ ಸಮಾಜದ ಹಿರಿಯರೊಬ್ಬರು ಬಂದರು. ಅಜ್ಜನ ಕಾಲದಿಂದ ಅವರದು ನಮ್ಮಲ್ಲಿ ಖಾತೆ. ನಾವು ಅವರನ್ನು ಮಾಮಾ ಎಂದೇ ಕರೆಯುವುದು. ಗಾದಿಯ ಮೇಲೆ ಕುಳಿತರು. ನೀರು ಕೊಟ್ಟರೆ ಕುಡಿಯಲಿಲ್ಲ. ಫೋನು ತೆಗೆದು ನಮ್ಮ ಪತ್ರ ತೋರಿಸಿದರು. ಅದರಲ್ಲಿ ಅವರ ಮಗಳ ಹೆಸರಿತ್ತು. ಅವಳ ಲಗ್ನಕ್ಕೆ ಶುಭಾಶಯಗಳಿದ್ದವು.

"ನಿಮ್ಮ ಅಜ್ಜಾರ ಕಾರ್ಡ ನಮ್ಮ ಮನಿಗೆ ಬರತಿತ್ತು ತಮ್ಮಾ. ನಾವು ಬರಸಿದ ಹೆಸರಿಗೆ ಬರತಿತ್ತು. ನನ್ನ ಮಗಳ ಹೆಸರ ನಿಮಗ ಯಾರ ಕೊಟ್ರು?"

ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಅವರೇ ಮೆಲ್ಲಗೆ ಹೇಳಿದರು. ಆ ಮಗಳಿಗೆ ಗೊತ್ತಾದ ಸಂಬಂಧ ಹಿಂದಿನ ವಾರವೇ ಮುರಿದಿತ್ತು. ಹಳ್ಳಿಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ವಧು-ವರರ ಮೇಳಕ್ಕೆಂದು ಹಿಂದೊಮ್ಮೆ ಬರೆದುಕೊಟ್ಟ ಹಾಳೆಯ ವಿವರ ಹೇಗೋ ಯಾರದೋ ಕೈಗೆ ಸಿಕ್ಕು, ಅಲ್ಲಿಂದ ಮಾರಾಟಕ್ಕೆ ಬಂದಿರಬೇಕು. ಪತ್ರವನ್ನು ಮೊದಲು ಓದಿದವಳು ಆ ಹುಡುಗಿಯೇ. ಅಂಗಡಿಯವರೂ ತನ್ನ ಬಗ್ಗೆ ಆಡಿಕೊಳ್ಳುತ್ತಿದ್ದಾರೆಂದು ತಿಳಿದು ಎರಡು ದಿನ ಊಟ ಬಿಟ್ಟಿದ್ದಳು.

ಮಾಮಾ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಖಾತೆಯ ಬಾಕಿ ಎಷ್ಟಿದೆ ಎಂದು ಕೇಳಿದರು, ಎಣಿಸಿ ಇಟ್ಟರು, ಎದ್ದು ಹೋದರು. ಎಪ್ಪತ್ತು ವರ್ಷದ ಖಾತೆ ಆ ದಿನ ಬಂದಾಯಿತು.

ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಆ ವರ್ಷ ದಶಲಕ್ಷಣದ ಪತ್ರಕ್ಕೆ ನಮ್ಮ ಹಳೆಯ 340 ಮನೆಗಳಿಂದ ನಾಲ್ಕೇ ಆರ್ಡರು ಬಂದವು. ಫೋನು ಮಾಡಿ ಕೇಳಿದರೆ, ನಿಮ್ಮ ಪತ್ರವೇ ಬರಲಿಲ್ಲವಲ್ಲ ಎಂದರು. ಹುಡುಕಿದಾಗ ಅದು ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕಾರಣವನ್ನು ಸೊಸೆ ಬಿಡಿಸಿ ಹೇಳಿದಳು. ಪತ್ರ ಬೇಡವಾದವರು ಅದನ್ನು ಸ್ಪ್ಯಾಮ್ ಎಂದು ಒತ್ತಿದರೆ, ಆ ದೂರು ಕಳಿಸಿದವರ ಹೆಸರಿಗೆ ಜಮೆಯಾಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ದೂರಿನ ಪ್ರಮಾಣ ಶೇ. 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು ಜನ ಬೇಸತ್ತರೆ ಮುಗಿಯಿತು. ಗುರುತಿಲ್ಲದ ಸಾವಿರಾರು ಮನೆಗಳ ಬಾಗಿಲು ಬಡಿದ ನಮ್ಮ ಹೆಸರು, ನಮ್ಮನ್ನು ಬಲ್ಲ ಮನೆಗಳಲ್ಲೂ ಕೆಟ್ಟಿತ್ತು. ಪೇಟೆಯಲ್ಲಿ ಪತ್ತು ಹೋದರೆ ಹೇಗೋ, ಅಲ್ಲಿಯೂ ಹಾಗೆಯೇ.

ಇದು ಹೊಸ ಆಸೆಯೇನೂ ಅಲ್ಲ. ಇ-ಮೇಲ್ ಇನ್ನೂ ಕೆಲವೇ ಸಂಶೋಧಕರ ಕೈಯಲ್ಲಿದ್ದ ಕಾಲದಲ್ಲಿ, 1978ರ ಮೇ ತಿಂಗಳಲ್ಲಿ, ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಗ್ಯಾರಿ ಥರ್ಕ್ ಎಂಬುವರು ತಮ್ಮ ಯಂತ್ರದ ಪ್ರದರ್ಶನಕ್ಕೆ ಬನ್ನಿರೆಂದು ಸುಮಾರು 400 ಜನರಿಗೆ ಒಂದೇ ಸಲ ಪತ್ರ ಕಳಿಸಿದರು. ಯಾರೂ ಕೇಳಿರಲಿಲ್ಲ. ಕೆಲವರು ಯಂತ್ರ ಕೊಂಡರು, ಬಹಳ ಜನ ಸಿಟ್ಟಾದರು. ಕೇಳದವರಿಗೆ ಕಳಿಸುವ ಆ ಚಟ ಅಂದಿನಿಂದ ಬೆಳೆಯುತ್ತಲೇ ಬಂದಿದೆ.

ನಮ್ಮ ಕಾಕಾ ಪ್ರತಿ ಸಂಜೆ ಸ್ವಾಧ್ಯಾಯ ಮಾಡುವವರು. ವ್ಯಾಪಾರದ ಮಾತಿಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆ ದಿನ ರಾತ್ರಿಯಾಗುವ ಮೊದಲೇ ಊಟ ಮುಗಿಸಿ ಎಲ್ಲರೂ ಕುಳಿತಿದ್ದಾಗ ನಮ್ಮನ್ನು ಕೇಳಿದರು.

"ಕಳುವಿನ ಅರಿವಿ ಅಗ್ಗಕ್ಕ ಬಂದ್ರ ತಗೋತೀರೇನು?"

"ಇಲ್ಲ ಕಾಕಾ."

"ಕಳುವಿನ ಹೆಸರು ಹೆಂಗ ತಗೊಂಡ್ರಿ ಮತ್ತ?"

ಆಮೇಲೆ ಅವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಮಾತು ತೆಗೆದರು. ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ತೂಕ ಅಳತೆಯಲ್ಲಿ ಮೋಸ, ಒಳ್ಳೆಯದರಲ್ಲಿ ಕೆಟ್ಟದ್ದು ಬೆರೆಸುವುದು, ಇವು ನಮಗೆಲ್ಲ ಗೊತ್ತು; ಅಪ್ಪಾಜಿ ನಮ್ಮನ್ನು ಬೆಳೆಸಿದ್ದೇ ಹಾಗೆ. ತದಾಹೃತಾದಾನ ಎಂಬುದೂ ಒಂದಿದೆ: ಬೇರೆಯವರು ಕದ್ದು ತಂದದ್ದನ್ನು ತಾನು ತೆಗೆದುಕೊಳ್ಳುವುದು. ಕದಿಯುವ ಕೈ ನಮ್ಮದಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಇನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರ ಎಂಬುದಿದೆ. ನಂಬಿ ಇಟ್ಟ ಠೇವಣಿಯನ್ನು ಅಪಹರಿಸುವುದು. "ಗಿರಾಕಿ ಹೆಸರು, ವಿಳಾಸ ಅಂದ್ರ ಠೇವಣಿನ. ಒಂದು ಕೆಲಸಕ್ಕ ಇಟ್ಟದ್ದನ್ನ ಇನ್ನೊಂದಕ್ಕ ತಗದ್ರ ಅದೂ ಅಪಹಾರನ" ಎಂದರು ಕಾಕಾ. ಅಪ್ಪಾಜಿ ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದುದೇ ನಮಗೆ ಹೆಚ್ಚಾಯಿತು.

ಆ ರಾತ್ರಿಯೇ 18,000 ಹೆಸರುಗಳನ್ನೂ ಅಳಿಸಿದೆವು. 6,000 ರೂಪಾಯಿಯನ್ನು ನಷ್ಟದ ಖಾತೆಗೆ ಬರೆದೆವು. ಅನಂತ ಚತುರ್ದಶಿ ಮುಗಿದು ಕ್ಷಮಾವಣಿಯ ದಿನ ಅಪ್ಪಾಜಿಯನ್ನು ಕರೆದುಕೊಂಡು ಮಾಮಾ ಅವರ ಹಳ್ಳಿಗೆ ಹೋದೆವು. ಅಂಗಳದಲ್ಲಿ ನಿಂತು, ಅವರಲ್ಲಿಯೂ ಅವರ ಮಗಳಲ್ಲಿಯೂ ಕೈಮುಗಿದು ಕ್ಷಮೆ ಕೇಳಿದೆವು. ವರ್ಷವರ್ಷವೂ ಎಲ್ಲರಿಗೂ ಹೇಳಿ ಹೇಳಿ ಸವೆದುಹೋದ ಮಾತು ಅದು. ಆ ದಿನ ಹೇಳುವುದು ಬಹಳ ಕಷ್ಟವಾಯಿತು. ಹುಡುಗಿ, "ಆತು ಬಿಡ್ರಿ ಕಾಕಾ" ಎಂದು ಒಳಗೆ ಹೋಗಿ ಹಾಲು ತಂದಳು. ಮಾಮಾ ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿಂದ ಬಂದ ಮೇಲೆ ಮೊದಲಿನಿಂದ ಶುರು ಮಾಡಿದೆವು. ನಮ್ಮಂತೆ ಒಂಟಿ ಅಂಗಡಿ ನಡೆಸುವ ಬಂಧುಗಳಿಗೆ ಉಪಯೋಗವಾಗಲೆಂದು ಈಗಿನ ನಮ್ಮ ಪದ್ಧತಿಯನ್ನು ಇಲ್ಲಿ ಹೇಳುತ್ತೇವೆ.

ಗಲ್ಲಾದ ಪಕ್ಕದಲ್ಲಿ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ಪತ್ರ ಬೇಕೆನ್ನುವ ಗಿರಾಕಿ ತನ್ನ ಕೈಯಿಂದಲೇ ಹೆಸರು, ಇ-ಮೇಲ್, ಯಾವ ಸರಕು, ಯಾವ ಭಾಷೆ ಎಂಬುದನ್ನು ಬರೆಯಬೇಕು. ಬಿಲ್ಲಿಗೆ ಕೊಟ್ಟ ವಿಳಾಸ ಬಿಲ್ಲಿಗಷ್ಟೇ. ಮಕ್ಕಳ ಹೆಸರು, ವಯಸ್ಸು, ಲಗ್ನದ ವಿಷಯ ನಾವು ಕೇಳುವುದೂ ಇಲ್ಲ, ಬರೆದುಕೊಳ್ಳುವುದೂ ಇಲ್ಲ. ಲಗ್ನದ ಸೀರೆ ಬೇಕಾದವರು ತಾವೇ ಆ ಅಂಕಣದಲ್ಲಿ ಗುರುತು ಹಾಕುತ್ತಾರೆ. ಬಸ್ತಾ ಮುಗಿದ ಮೇಲೆ ಆ ಗುರುತನ್ನು ತೆಗೆಯುತ್ತೇವೆ. ಅಜ್ಜ ವಹಿಯಲ್ಲಿ ಬರೆದದ್ದು ಮನೆಯವರು ಗಾದಿಯ ಮೇಲೆ ಕುಳಿತು ಅವರಿಗೆ ತಾವಾಗಿ ಹೇಳಿದ ಮಾತು ಎಂಬುದನ್ನು ನಾವು ತಡವಾಗಿ ತಿಳಿದೆವು.

ಪಟ್ಟಿಯನ್ನು ನಾಲ್ಕು ಭಾಗ ಮಾಡಿದ್ದೇವೆ: ಪೂಜಾವಸ್ತ್ರದವರು, ಲಗ್ನದ ಬಸ್ತಾದವರು, ಚಾದರ ಟವೆಲಿನವರು, ನಮ್ಮಿಂದ ಸಗಟು ಒಯ್ಯುವ ಸಣ್ಣ ಅಂಗಡಿಯವರು. ಒಂದು ಭಾಗದ ಪತ್ರ ಇನ್ನೊಂದಕ್ಕೆ ಹೋಗುವುದಿಲ್ಲ. ಕನ್ನಡ ಕೇಳಿದವರಿಗೆ ಕನ್ನಡ, ಮರಾಠಿ ಕೇಳಿದವರಿಗೆ ಮರಾಠಿ. ಪುಣೆಯಲ್ಲಿ ಹುಟ್ಟಿ ಬೆಳೆದ ಒಬ್ಬ ಹುಡುಗ, ಕನ್ನಡ ಓದಲು ಬಾರದಿದ್ದರೂ, "ನಮ್ಮ ಅವ್ವ ಓದಿ ಹೇಳ್ತಾಳ, ಕನ್ನಡದಾಗ ಕಳಸ್ರಿ" ಎಂದು ಬರೆಸಿದ್ದಾನೆ.

ಹಬ್ಬಕ್ಕೆ ಒಂದು ತಿಂಗಳು ಮೊದಲೇ ಪತ್ರ ಹೋಗಬೇಕು. ಸರಕು ಮುಟ್ಟಲು ಸಮಯ ಬೇಕಲ್ಲವೆ? ದಶಲಕ್ಷಣದ ಹತ್ತು ದಿನ ಪತ್ರವೇ ಇಲ್ಲ. ತಲೆಬರಹದಲ್ಲಿ ಸರಕಿನ ಹೆಸರು ಇರಬೇಕು. 'ಇಂದೇ ಕೊನೆಯ ದಿನ' ಎಂಬ ಸುಳ್ಳು ಅವಸರ ಬೇಡ. 'ನನ್ನ ಹೆಸರು ತೆಗೆಯಿರಿ' ಎಂಬ ಗುಂಡಿಯನ್ನು ಪತ್ರದ ಮೇಲ್ಗಡೆಯೇ ಇಟ್ಟಿದ್ದೇವೆ. ಒಂದೇ ಸಲ ಒತ್ತಿದರೆ ಹೆಸರು ಹೋಗುತ್ತದೆ. ಹೋಗುವವರ ಬಾಗಿಲಿಗೆ ಅಡ್ಡ ನಿಲ್ಲುವ ಅಂಗಡಿಗೆ ಯಾರು ಮತ್ತೆ ಬರುತ್ತಾರೆ?

ಬಿಟ್ಟಿ ಇ-ಮೇಲ್ ಬಿಟ್ಟು ಅಂಗಡಿಯ ಹೆಸರಿನದೇ ವಿಳಾಸ ಮಾಡಿಸಿಕೊಂಡೆವು. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಅದಕ್ಕೆ ಹಾಕಿಸಬೇಕು. ನಮ್ಮ ಪತ್ರ ಕಳಿಸುವ ಅಧಿಕಾರ ಯಾವ ಯಂತ್ರಗಳಿಗಿದೆ ಎಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಲಕೋಟೆಯ ಮೇಲಿನ ಮುದ್ರೆಯಂತೆ. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಸಾಕ್ಷಿ. ಇವು ತಪ್ಪಿದ ಪತ್ರವನ್ನು ಏನು ಮಾಡಬೇಕೆಂದು ಮೂರನೆಯದು ತಿಳಿಸುತ್ತದೆ. ತಿಳಿದವರಿಗೆ ಅರ್ಧ ದಿನದ ಕೆಲಸ.

ಎಷ್ಟು ಜನ ಪತ್ರ ತೆರೆದರು ಎಂದು ತೋರಿಸುವ ಅಂಕಿಯನ್ನು ಈಗ ನಂಬುವುದಿಲ್ಲ. 2021ರಲ್ಲಿ ಆ್ಯಪಲ್ ತನ್ನ ಮೇಲ್‌ನಲ್ಲಿ ಗೋಪ್ಯತೆಯ ವ್ಯವಸ್ಥೆ ತಂದಮೇಲೆ, ಓದದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರಬಹುದು. ಉತ್ತರ ಎಷ್ಟು, ಆರ್ಡರು ಎಷ್ಟು, ಅಷ್ಟೇ ನಮ್ಮ ಲೆಕ್ಕ.

ಕಾಯ್ದೆಯೂ ಈಗ ಇದೇ ದಾರಿಯಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಯಾಗುವಂತೆ ಗೊತ್ತುಮಾಡಿದ್ದಾರೆ. ಒಪ್ಪಿಗೆ ಸ್ವಂತ ಇಚ್ಛೆಯದಾಗಿರಬೇಕು, ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳುವಂತಿರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಕಾಕಾ ಇದನ್ನು ಕೇಳಿ, "ಸರಕಾರಕ್ಕೂ ಈಗ ತಿಳೀತು" ಎಂದು ನಕ್ಕರು.

ಕೊನೆಯದಾಗಿ ಪರಿಗ್ರಹ ಪರಿಮಾಣ. ಹಣಕ್ಕೆ, ಭೂಮಿಗೆ ಮಿತಿ ಹಾಕಿಕೊಳ್ಳುವ ನಾವು ಹೆಸರುಗಳಿಗೆ ಏಕೆ ಹಾಕಬಾರದು? ಒಂದು ವರ್ಷ ಏನನ್ನೂ ಕೊಳ್ಳದ, ಉತ್ತರಿಸದ ಮನೆಗೆ ಕ್ಷಮಾವಣಿಯ ಹೊತ್ತಿಗೆ ಒಂದು ಪತ್ರ ಹೋಗುತ್ತದೆ: ನಮ್ಮಿಂದ ತೊಂದರೆಯಾಗಿದ್ದರೆ ಕ್ಷಮಿಸಿರಿ, ಬೇಕೆಂದು ತಿಳಿಸದಿದ್ದರೆ ನಿಮ್ಮ ಹೆಸರನ್ನು ತೆಗೆಯುತ್ತೇವೆ. 2025ರಲ್ಲಿ ಹೀಗೆ 57 ಹೆಸರು ತೆಗೆದೆವು. 22 ಮನೆಯವರು ಮಾತ್ರ, ತೆಗೆಯಬೇಡಿರಿ ಎಂದು ಬರೆದರು. ಅವರಲ್ಲಿ ಹೆಚ್ಚಿನವರು ದೀಪಾವಳಿಗೆ ಸರಕನ್ನೂ ತರಿಸಿದರು. ಈಗ ಪಟ್ಟಿಯಲ್ಲಿ 386 ಮನೆಗಳಿವೆ. ಶ್ರೀಮಂತರಾಗಲು ಇದು ಸಾಲದು. ಅಂಗಡಿ ನಡೆಯಲು ಸಾಕು.

ಆ ದಶಲಕ್ಷಣಕ್ಕೆ ಎಂಟು ದಿನ ಮೊದಲು ಮಾಮಾ ಅಂಗಡಿಗೆ ಬಂದಿದ್ದರು. ಎರಡು ಜೋಡಿ ಪೂಜಾ ಧೋತರ ತೆಗೆದುಕೊಂಡರು. ನೀರು ಕುಡಿದರು. ರಿಜಿಸ್ಟರ್ ಮುಂದಿಡಲು ನಮಗೆ ಧೈರ್ಯವಾಗಲಿಲ್ಲ. ಅವರೇ ಅದನ್ನು ಎಳೆದುಕೊಂಡು, ಕನ್ನಡಕ ಏರಿಸಿ, ಪುಟ ತಿರುವಿ ನೋಡಿದರು. ಆಮೇಲೆ ಮುಚ್ಚಿ ಹಿಂದಕ್ಕೆ ಸರಿಸಿದರು.

"ನನ್ನ ಹೆಸರ ಇದರಾಗ ಬ್ಯಾಡ ತಮ್ಮಾ. ಕಾರ್ಡ ಹಾಕ್ರಿ."

ವರ್ಷಕ್ಕೆ ಒಂದು ಕಾರ್ಡು, ಭಾದ್ರಪದಕ್ಕೆ ಒಂದು ತಿಂಗಳು ಮುಂಚೆ, ಅಪ್ಪಾಜಿಯ ಕೈಬರಹದಲ್ಲಿ. ಅವರ ಪುಟವನ್ನು ಮತ್ತೆ ತೆರೆದಿದ್ದೇವೆ. ಕೆಳಗಿನ ಮೂಲೆಯಲ್ಲಿ ಅವರು ಹೇಳಿದಷ್ಟನ್ನೇ ಬರೆದಿದ್ದೇವೆ.

ಜೈ ಜಿನೇಂದ್ರ.